“ಆರಾಮಾಗಿದ್ದೀರಾ?” ಎಂದು ಕೇಳಬೇಡಿ

ಕಳೆದ ಮಳೆಗಾಲದಲ್ಲಿ ಇಪ್ಪತ್ತಾರು ವರ್ಷದ ಯುವಕನೊಬ್ಬ ನನ್ನಲ್ಲಿಗೆ ಬಂದ. ಊರು ಒಡಿಶಾ, ಕೆಲಸ ಬೆಂಗಳೂರಿನ ಒಂದು ಸ್ಟಾರ್ಟಪ್ ಕಂಪನಿಯಲ್ಲಿ. ಐದು ದಿನ ಕಾಡಿದ ಜ್ವರ ಅಂದು ಬೆಳಿಗ್ಗೆ ಬಿಟ್ಟಿತ್ತು. ಆದರೆ ಹೊಟ್ಟೆನೋವು, ವಾಂತಿ, ವಿಪರೀತ ಸುಸ್ತು. ಡೆಂಗಿ! ಕೂಡಲೇ ಆಸ್ಪತ್ರೆಗೆ ಸೇರಿಸಬೇಕಾಯಿತು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು ಎಂಬುದು ಅನೇಕರಿಗೆ ತಿಳಿದಿಲ್ಲ.

ಆ ಐದೂ ದಿನ ಅವನು ಕಚೇರಿಗೆ ಹೋಗಿದ್ದ. “ಮ್ಯಾನೇಜರಿಗೆ ಹೇಳಲಿಲ್ಲವೇನಪ್ಪಾ?” ಎಂದೆ. “ದಿನವೂ ಕೇಳಿದರು ಡಾಕ್ಟ್ರೇ, ಪರವಾಗಿಲ್ಲ ಎಂದೆ” ಎಂದ.

ಮ್ಯಾನೇಜರ್ ಜರ್ಮನಿಯವರು. ಆಸ್ಪತ್ರೆಗೆ ಓಡಿಬಂದಿದ್ದರು. “ನಾನು ಕೇಳಿದೆ, ಅವನು ಚೆನ್ನಾಗಿದ್ದೇನೆ ಎಂದ, ನಂಬಿದೆ” ಎಂದು ಪೇಚಾಡಿಕೊಂಡರು. ಕಲ್ಲೆದೆಯ ಮನುಷ್ಯರಲ್ಲ. ಆಗದಿದ್ದರೆ ಆಗದು ಎಂದು ಮುಖದ ಮೇಲೆ ಹೇಳುವ ವಾಡಿಕೆಯಲ್ಲಿ ಬೆಳೆದವರು, ಅಷ್ಟೆ. ನಾವು ಹಾಗಲ್ಲ. ಸಂಬಂಧ ಬೇಡವಾದರೆ “ಜಾತಕ ಕೂಡಿಬರಲಿಲ್ಲ” ಎನ್ನುತ್ತೇವೆ. ಸಾಲ ಕೊಡಲು ಮನಸ್ಸಿಲ್ಲದಿದ್ದರೆ “ನೋಡೋಣ” ಎನ್ನುತ್ತೇವೆ. ನಮಗೆ ಅರ್ಥವಾಗುತ್ತದೆ. ಹೊರಗಿನವರಿಗೆ? ನಾವು ತಲೆಯಾಡಿಸುವ “ಹೂಂ” ಕೂಡ ಅವರ ಕಣ್ಣಿಗೆ “ಉಹೂಂ”!

ವಿದೇಶದವರೇ ಆಗಬೇಕೆಂದಿಲ್ಲ. ಮೆದು ಮಾತಿನ ಮ್ಯಾನೇಜರ್ “ಸಾಧ್ಯವಾದರೆ ಇವತ್ತು ಮುಗಿಸಿ” ಎಂದರೆ, ಬೇರೆ ರಾಜ್ಯದ ಹುಡುಗ ನಾಳೆ ಮಾಡಿದರಾಯಿತು ಎಂದುಕೊಳ್ಳುತ್ತಾನೆ. ಎದೆಯುರಿ, ತಲೆನೋವು, ನಿದ್ರಾಹೀನತೆ ಮಾತ್ರ ಇಬ್ಬರಿಗೂ ಸಮಪಾಲು. ಇಬ್ಬರೂ ನನ್ನಂಥವರ ಬಳಿಗೇ ಬರುತ್ತಾರೆ.

ಯಾವ ದೇಶದವರನ್ನು ಹೇಗೆ ಮಾತನಾಡಿಸಬೇಕೆಂದು ಕಂಪನಿಗಳು ತರಬೇತಿ ಕೊಡಿಸುತ್ತವೆ. ನನಗೆ ಅದರಲ್ಲಿ ಹೆಚ್ಚು ನಂಬಿಕೆಯಿಲ್ಲ. ವೈದ್ಯರಿಗೆ ಈ ಕಷ್ಟ ಹಳೆಯದು. ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಬೇರೆ ಬೇರೆ ಮೂಲದ ರೋಗಿಗಳು ನೋವನ್ನು ಬೇರೆ ಬೇರೆ ರೀತಿ ಹೇಳಿಕೊಳ್ಳುವುದನ್ನು ಗಮನಿಸಿ ಮಾರ್ಕ್ ಜ್ಬೊರೊವ್ಸ್ಕಿ 1952ರಲ್ಲೇ ಬರೆದಿದ್ದರು. ನಾವು ಕಂಡುಕೊಂಡ ಉಪಾಯ ಸರಳ. “ಮಾತ್ರೆ ತೆಗೆದುಕೊಂಡಿರಾ?” ಎಂದರೆ ಎಲ್ಲರೂ ಹೌದು ಎನ್ನುತ್ತಾರೆ. “ಇನ್ನು ಎಷ್ಟು ಉಳಿದಿವೆ?” ಎಂದರೆ ನಿಜ ಹೊರಬರುತ್ತದೆ.

ಮ್ಯಾನೇಜರುಗಳೂ ಹೀಗೆಯೇ ಕೇಳಲಿ. “ಎಲ್ಲ ಸರಿಯಾಗಿದೆಯೇ?” ಬೇಡ. ರಾತ್ರಿ ಎಷ್ಟು ಗಂಟೆಗೆ ಮಲಗಿದಿರಿ? ಜ್ವರ ಎಷ್ಟಿತ್ತು? ಕೆಲಸದಲ್ಲಿ ಯಾವ ಭಾಗ ಉಳಿದಿದೆ? ಅದೂ ಹತ್ತು ಜನರ ಸಭೆಯಲ್ಲಲ್ಲ. ಹಿರಿಯರೆದುರು, ನಾಲ್ವರ ಮುಂದೆ “ನನ್ನಿಂದಾಗದು” ಎನ್ನಲು ನಮ್ಮ ಮಕ್ಕಳನ್ನು ನಾವೇ ಕಲಿಸಿಲ್ಲವಲ್ಲ! ಪಕ್ಕಕ್ಕೆ ಕರೆದು ಕೇಳಿ, ಕೇಳಿದ ಮೇಲೆ ತುಸು ಸುಮ್ಮನಿರಿ.

ಹುಡುಗ ಆರು ದಿನದಲ್ಲಿ ಚೇತರಿಸಿಕೊಂಡ. ಊರಲ್ಲಿದ್ದ ತಾಯಿಗೂ ಅವನು ಫೋನಿನಲ್ಲಿ “ಚೆನ್ನಾಗಿದ್ದೇನೆ” ಎಂದೇ ಹೇಳಿದ್ದನಂತೆ. ನಿಮ್ಮ ಮಗನೋ ಮಗಳೋ ದೂರದಲ್ಲಿದ್ದು ಜ್ವರ ಬಂದಿದ್ದರೆ, ಎಷ್ಟು ಡಿಗ್ರಿ, ಊಟ ಸೇರುತ್ತಿದೆಯೇ, ಮೂತ್ರ ಎಷ್ಟು ಸಲ ಹೋಯಿತು ಎಂದು ಕೇಳಿ. ಜ್ವರ ಇಳಿದ ಮೇಲೆ ಹೊಟ್ಟೆನೋವು, ಪದೇ ಪದೇ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಲು ಹೇಳಿ.