ರಬ್ಬರು ಪೆಟ್ಟಿಗೆಯಲ್ಲೇ ಇರಲಿ

ಗೆಳೆಯರೇ, ರೆಕಾರ್ಡಿಗೆ ಸಹಿ ಹಾಕಿಸಿಕೊಳ್ಳುವ ದಿನ ಹತ್ತಿರ ಬಂತು. ಯಾರ ಕೈಯಲ್ಲಿ ನೋಡಿದರೂ ರಬ್ಬರು. ಅದರ ಬಗ್ಗೆಯೇ ನಾಲ್ಕು ಮಾತು ಬರೆಯುತ್ತಿದ್ದೇನೆ. ಕೋಪ ಮಾಡಿಕೊಳ್ಳಬೇಡಿ, ನಮ್ಮ ಗುಂಪಿನಲ್ಲಿ ಈ ಕೆಲಸ ಶುರು ಮಾಡಿದವನು ನಾನೇ.

ಬೆಳಕಿನ ವಕ್ರೀಭವನದ ಪ್ರಯೋಗ ಎಲ್ಲರಿಗೂ ನೆನಪಿದೆ. ಬಿಳಿ ಹಾಳೆಯ ಮೇಲೆ ಗಾಜಿನ ಇಟ್ಟಿಗೆ, ಈ ಕಡೆ ಎರಡು ಗುಂಡುಸೂಜಿ, ಆ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿ ಇನ್ನೆರಡು. ಪತನ ಕೋನ 45 ಡಿಗ್ರಿ ಇಟ್ಟರೆ ಗಾಜಿನೊಳಗೆ ವಕ್ರೀಭವನ ಕೋನ 28 ಬರಬೇಕು. ನಮಗೆ 31 ಬಂತು. "ಉಜ್ಜಿ 28 ಬರಿ, ಗೈಡಲ್ಲಿ ಅಷ್ಟೇ ಇರೋದು" ಅಂದೆ. ಆಮೇಲೆ ನೋಡಿದರೆ ಸೂಜಿಗಳು ವಾಲಿದ್ದವು. ಬುಡ ನೋಡಿ ಸಾಲು ಮಾಡೋದು ಬಿಟ್ಟು ತಲೆ ನೋಡಿ ಮಾಡಿದ್ದೆವು. 31 ಅನ್ನೋದು ನಮಗೆ ಅದನ್ನೇ ಹೇಳ್ತಿತ್ತು. ನಾವು ಅದರ ಬಾಯಿ ಮುಚ್ಚಿಸಿದೆವು.

ಅದಾದರೂ ಹೋಗಲಿ, ಎಣ್ಣೆಯ ಕಥೆ ಕೇಳಿ. ಮಿಠಾಯಿಯ ತೆಳು ಪ್ಲಾಸ್ಟಿಕ್ ಡಬ್ಬಿಗೆ ನೀರು ತುಂಬಿ, ಅದೇ 45 ಡಿಗ್ರಿಗೆ ನೋಡಿದಾಗ 32 ಬಂತು. ಮನೆಯಿಂದ ತಂದ ಕಡಲೆಕಾಯಿ ಎಣ್ಣೆ ತುಂಬಿದಾಗ 29. ನನಗೆ ಅನುಮಾನ. ಎಣ್ಣೆ ನೀರಿನ ಮೇಲೆ ತೇಲುತ್ತೆ, ಅಂದ್ಮೇಲೆ ಸಾಂದ್ರತೆ ಕಡಿಮೆ, ಬೆಳಕು ಕಡಿಮೆ ಬಾಗಬೇಕಲ್ವಾ? 29 ಉಜ್ಜಿ 35 ಅಂತ ಬರೆದೆ. ಸರ್ ಉಜ್ಜಿದ ಕಲೆ ನೋಡಿ, ಬೈಯದೆ, ಮತ್ತೆ ಎಣ್ಣೆ ಹುಯ್ಯಿಸಿದರು. ಮತ್ತೆ 29!

ತೂಕದ ಸಾಂದ್ರತೆ ಬೇರೆ, ದ್ಯುತಿ ಸಾಂದ್ರತೆ ಬೇರೆ. ಬೆಳಕು ನೀರಿನಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ 25 ಸಾವಿರ ಕಿ.ಮೀ. ಹೋದರೆ ಈ ಎಣ್ಣೆಯಲ್ಲಿ ಸುಮಾರು 2 ಲಕ್ಷ 4 ಸಾವಿರ. ವೇಗ ಎಷ್ಟು ತಗ್ಗುತ್ತೋ ಅಷ್ಟು ಹೆಚ್ಚು ಬಾಗುತ್ತದೆ. ಸೀಮೆಎಣ್ಣೆಯೂ ಹೀಗೇ, ನೀರಿಗಿಂತ ಹಗುರ, ಆದರೆ ಬೆಳಕನ್ನು ಹೆಚ್ಚು ಬಗ್ಗಿಸುತ್ತೆ. ಆ ಪ್ರಯೋಗದಲ್ಲಿ ನಮಗೆ ಸಿಕ್ಕ ಹೊಸ ಸಂಗತಿ ಇದೊಂದೇ. ಅದನ್ನೇ ನಾನು ಅಳಿಸಿದ್ದು.

1923ರಲ್ಲಿ ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯ ಕೆ.ಆರ್. ರಾಮನಾಥನ್ ಅವರಿಗೆ ದ್ರವಗಳಲ್ಲಿ ಬೆಳಕಿನ ಚದುರುವಿಕೆ ನೋಡುವಾಗ ಇರಬಾರದ ಒಂದು ಮಂದ ಬೆಳಕು ಕಂಡಿತಂತೆ. ಕಲ್ಮಶ ಇರಬಹುದೆಂದು ದ್ರವವನ್ನು ಮತ್ತೆ ಮತ್ತೆ ಶುದ್ಧಿ ಮಾಡಿದರೂ ಅದು ಹೋಗಲಿಲ್ಲ. ರಾಮನ್ ಅದನ್ನು ಮರೆಯಲಿಲ್ಲ. 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮ ಸಿಕ್ಕಿತು. ಮಾರ್ಚ್ 16ರಂದು ಅದನ್ನು ವಿವರಿಸಿ ಭಾಷಣ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ.

"ನಾವೇನು ರಾಮನ್ನಾ?" ಅಂತೀರಿ. ಬೇಡ ಬಿಡಿ. ನಮ್ಮ ದೊಡ್ಡಬಳ್ಳಾಪುರದ ಕಡೆಯ ತೋಟಗಳಲ್ಲಿ ಕೃಷಿ ಹೊಂಡಗಳಿವೆ. ತಿಳಿನೀರಿನ 8 ಅಡಿ ಆಳ ನೇರ ಮೇಲಿಂದ ನೋಡಿದರೆ 6 ಅಡಿಯಂತೆ ಕಾಣುತ್ತೆ, ದಡದಿಂದ ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. "ಇಷ್ಟೇ ತಾನೆ" ಅಂತ ಈಜು ಬಾರದವನು ಇಳಿದರೆ ಗತಿ ಏನು? ನೀರಿನ ಆ 32 ಡಿಗ್ರಿ ಹೇಳೋದು ಇದನ್ನೇ. ಸಹಿಗೋಸ್ಕರ ಬರೆದವನಿಗೆ ಅದು ಕೇಳಿಸಲ್ಲ.

ಗುರುಗಳಲ್ಲೂ ಒಂದು ವಿನಂತಿ. ಉತ್ತರ ಗೈಡಿಗೆ ಸರಿಹೊಂದಿದರೆ ಮಾತ್ರ ಪೂರ್ತಿ ಅಂಕ ಅಂದರೆ ನಾವು ಉಜ್ಜದೆ ಏನು ಮಾಡೋದು ಸಾರ್? 31 ಬಂದವನಿಗೂ, ಯಾಕೆ ಬಂತು ಅಂತ ಬರೆದಿದ್ದರೆ, ಅಂಕ ಕೊಡಿ.

ನನ್ನ ರೆಕಾರ್ಡಿನಲ್ಲಿ 35ಕ್ಕೆ ಗೀಟು ಹೊಡೆದು ಪಕ್ಕದಲ್ಲಿ 29 ಅಂತ ಬರೆದಿದ್ದೇನೆ. ಪುಟ ಸ್ವಲ್ಪ ಗಲೀಜಾಗಿದೆ, ಎಣ್ಣೆಯ ಕಲೆಯೂ ಇದೆ. ಬೇಕಾದವರು ಬಂದು ನೋಡಬಹುದು.