ಒಂದು ಗಂಟೆ ಎಂಬ ಮಾಯಾಗಣಿತ

2023ರ ಫೆಬ್ರವರಿ 27ರಂದು ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಗೊಂಡಿತು. ಅದೇ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಅಂದಿನಿಂದ ರಾಜಧಾನಿಗೂ ಶಿವಮೊಗ್ಗಕ್ಕೂ ಕೇವಲ ಒಂದು ಗಂಟೆಯ ಅಂತರವೆಂಬ ಮಾತನ್ನು ಮಲೆನಾಡಿನಲ್ಲಿ ಮಂತ್ರದಂತೆ ಜಪಿಸಲಾಗುತ್ತಿದೆ. ಆ ಗಂಟೆ ಯಾರ ಗಡಿಯಾರದ್ದು ಎಂಬುದನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ.

ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಿಂದ ಸೋಗಾನೆಗೆ ನೇರರೇಖೆಯಲ್ಲಿ ಸುಮಾರು 240 ಕಿ.ಮೀ. ಕಿರುದೂರದ ಎಟಿಆರ್-72 ವಿಮಾನ ಗಂಟೆಗೆ 500 ಕಿ.ಮೀ. ಆಸುಪಾಸಿನ ವೇಗದಲ್ಲಿ ಸಾಗಬಲ್ಲದು. ಶಾಲಾಬಾಲಕನ ಭಾಗಾಕಾರದಂತೆ ಅರ್ಧ ಗಂಟೆ ಸಾಕು. ಆದರೆ ವೇಳಾಪಟ್ಟಿ ಒಂದು ಗಂಟೆಗೂ ಮಿಕ್ಕಿ ತೋರಿಸುತ್ತದೆ. ನಿಂತ ತಾಣದಿಂದ ಓಡುದಾರಿಯವರೆಗಿನ ತೆವಳುವಿಕೆ, ಸರದಿಯ ಕಾಯುವಿಕೆ, ಮೇಲೇರುವುದು, ಇಳಿಯುವುದು ಎಲ್ಲವೂ ಆ ಅವಧಿಯೊಳಗೇ ಸೇರುತ್ತವೆ. ಇಷ್ಟು ಚಿಕ್ಕ ದಾರಿಯಲ್ಲಿ ವಿಮಾನ ಎತ್ತರಕ್ಕೇರಿ ಸ್ಥಿರಗೊಳ್ಳುವಷ್ಟರಲ್ಲಿ ಇಳಿಯುವ ಸಿದ್ಧತೆ ಆರಂಭವಾಗಿರುತ್ತದೆ. ಇಂಧನ ಅತಿ ರಭಸದಿಂದ ಉರಿಯುವುದು ನೆಲ ಬಿಟ್ಟೇಳುವಾಗ. ಆದ್ದರಿಂದಲೇ ದಾರಿ ಕಿರಿದಾದಷ್ಟೂ ಪ್ರತಿ ಕಿಲೋಮೀಟರಿಗೆ ಹೊಗೆ ಹೆಚ್ಚು.

ಇನ್ನು ಜಾಹೀರಾತು ಬಚ್ಚಿಡುವ ಭಾಗ. ಮೆಜೆಸ್ಟಿಕ್‌ನಿಂದ ದೇವನಹಳ್ಳಿಗೆ ಸುಮಾರು 35 ಕಿ.ಮೀ.; ಬೆಂಗಳೂರಿನ ವಾಹನಸಂದಣಿಯಲ್ಲಿ ಅದಕ್ಕೆ ಒಂದೂವರೆ ಗಂಟೆ ತಗುಲಿದರೆ ಆಶ್ಚರ್ಯವಿಲ್ಲ. ತಪಾಸಣೆಗೆ ಮತ್ತೊಂದೂವರೆ ಗಂಟೆ ಮುಂಚಿತವಾಗಿ ಹಾಜರಿರಬೇಕು. ಹಾರಾಟಕ್ಕೆ ಒಂದೂಕಾಲು, ಸಾಮಾನು ಪಡೆದು ಊರು ಸೇರಲು ಅರ್ಧ ಗಂಟೆ. ಕೂಡಿದರೆ ನಾಲ್ಕೂಮುಕ್ಕಾಲು! ಜನಶತಾಬ್ದಿ ರೈಲು ನಗರದೊಳಗಿನಿಂದ ನಗರದೊಳಕ್ಕೆ ಸುಮಾರು ನಾಲ್ಕೂವರೆ ಗಂಟೆಯಲ್ಲಿ ತಲುಪಿಸುತ್ತದೆ. ಅದೂ ಬುತ್ತಿಯ ಗಂಟು, ಅಡಿಕೆಯ ಚೀಲಗಳ ಸಮೇತ.

ದೇವನಹಳ್ಳಿಯಲ್ಲೇ ವಿಮಾನ ಬದಲಿಸಿ ದೆಹಲಿಗೋ ವಿದೇಶಕ್ಕೋ ಮುಂದುವರಿಯುವವರಿಗೆ ಇದರಿಂದ ನಿಜವಾದ ಅನುಕೂಲವುಂಟು. ಅದನ್ನು ಅಲ್ಲಗಳೆಯುವುದು ಅಪ್ರಾಮಾಣಿಕತೆ. ಆದರೆ ಅಂಥವರ ಸೌಕರ್ಯವನ್ನು ಸಮಸ್ತ ಮಲೆನಾಡಿನ ಉದ್ಧಾರವೆಂದು ಬಿಂಬಿಸುವುದು ಇನ್ನೂ ದೊಡ್ಡ ಅಪ್ರಾಮಾಣಿಕತೆ.

ತುಮರಿಯನ್ನು ನೆನೆಯಿರಿ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಆ ಸೀಮೆಯನ್ನು ದ್ವೀಪವಾಗಿಸಿತು. ನಾಡಿಗೆ ಬೆಳಕು ಕೊಟ್ಟ ಜನ ಎರಡೂವರೆ ಕಿ.ಮೀ.ಯಷ್ಟು ನೀರು ದಾಟಲು ಲಾಂಚನ್ನೇ ನಂಬಿದ್ದರು. ರಾತ್ರಿ ಲಾಂಚ್ ಓಡುತ್ತಿರಲಿಲ್ಲ. ಹೆರಿಗೆ ನೋವು, ಹಾವು ಕಡಿತಗಳು ಹಗಲನ್ನೇ ಕಾದು ಬರುವವೇ? ಅಲ್ಲಿಗೆ ಸೇತುವೆ ಲೋಕಾರ್ಪಣೆಯಾದದ್ದು 2025ರ ಜುಲೈ 14ರಂದು. ಅಂದರೆ, 240 ಕಿ.ಮೀ. ಆಕಾಶವನ್ನು ದಾಟಿಸಿ ಸುಮಾರು ಎರಡು ವರ್ಷಗಳಾದ ಮೇಲೆ ಈ ಎರಡೂವರೆ ಕಿ.ಮೀ.ಯ ಸರದಿ ಬಂದಿತು. ಯಾವ ದೂರ ಮೊದಲು ಕಿರಿದಾಗಬೇಕೆಂದು ನಿರ್ಣಯಿಸಿದವರು ಯಾರು?

ಇಂತಹ ಪ್ರಶ್ನೆ ಕೇಳಿದರೆ ಅಭಿವೃದ್ಧಿವಿರೋಧಿ ಎಂಬ ಬಿರುದು ಸಿದ್ಧವಾಗಿರುತ್ತದೆ. ಹಾಗಾದರೆ ಫ್ರಾನ್ಸ್ ದೇಶವೂ ಅಭಿವೃದ್ಧಿವಿರೋಧಿಯೇ? ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ತಲುಪಬಹುದಾದ ಕೆಲವು ಮಾರ್ಗಗಳಲ್ಲಿ ಅಲ್ಲಿನ ಸರ್ಕಾರ 2023ರ ಮೇ ತಿಂಗಳಿನಿಂದ ದೇಶದೊಳಗಿನ ವಿಮಾನ ಸಂಚಾರವನ್ನೇ ನಿಷೇಧಿಸಿದೆ. ನಮ್ಮ ರೈಲಿಗೆ ಆ ವೇಗ ಇನ್ನೂ ಬಂದಿಲ್ಲ, ನಿಜ. ಹಣ ಹರಿಯಬೇಕಾದದ್ದು ಅಲ್ಲಿಗೇ ಅಲ್ಲವೇ?

ವಿದ್ಯಾರ್ಥಿಮಿತ್ರರಲ್ಲಿ ಒಂದು ವಿನಂತಿ. ನಿಮ್ಮ ಮನೆಯಂಗಳದಿಂದ ತಾಲ್ಲೂಕು ಆಸ್ಪತ್ರೆಯ ಬಾಗಿಲಿಗೆ ಮಳೆಗಾಲದ ಒಂದು ರಾತ್ರಿ ಎಷ್ಟು ಹೊತ್ತು ಹಿಡಿಯುತ್ತದೆಂದು ಹಿರಿಯರನ್ನು ಕೇಳಿ ಬರೆದಿಡಿರಿ. ಮುಂದಿನ ಗ್ರಾಮಸಭೆಯಲ್ಲಿ ಆ ಹಾಳೆಯನ್ನು ಓದಿ ಹೇಳಿ, ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೂ ಕುಳಿತಲ್ಲಿಂದ ಏಳದಿರಿ.