ಮೂಕಿ ಕಾಲದ ಜುಬೇದಾ

ನಮ್ಮ ಯಾದಗಿರಿ, ಶಹಾಪುರ, ಸುರಪುರ ಮೂರೂ 1948ರ ತನಕ ನಿಜಾಮರ ಹೈದರಾಬಾದ್ ಸಂಸ್ಥಾನದೊಳಗ ಇದ್ದವು. ಆ ಸಂಸ್ಥಾನದ ದೊಡ್ಡ ಶ್ರೀಮಂತ ಮನೆತನ ಧನರಾಜಗೀರ್ ಅವರದು. ಆ ಮನೆತನದ ನರಸಿಂಗಗೀರ್ ಅವರನ್ನ ಮದುವಿಯಾದ ಜುಬೇದಾ ಹೆಸರು ನೀವು ರಸಪ್ರಶ್ನೆಯೊಳಗ ಕೇಳಿರ್ತೀರಿ: ಭಾರತದ ಮೊದಲ ಟಾಕಿ ‘ಆಲಂ ಆರಾ’ದ ನಾಯಕಿ. ನನಗ ಹೇಳಬೇಕಾಗಿದ್ದು ಅದಕ್ಕೂ ಹಿಂದಿನ ಕಥಿ.

ಜುಬೇದಾ ಹುಟ್ಟಿದ್ದು 1911ರಲ್ಲಿ, ಸೂರತ್‌ದಾಗ. ಸಿನಿಮಾಕ್ಕ ಬಂದಾಗ ವಯಸ್ಸು ಬರೀ ಹನ್ನೆರಡು. ಹೆಣ್ಮಕ್ಕಳು ಕ್ಯಾಮೆರಾ ಮುಂದ ನಿಲ್ಲೋದೇ ಮರ್ಯಾದಿ ಅಲ್ಲ ಅಂತಿದ್ದ ಕಾಲ ಅದು. 1913ರ ‘ರಾಜಾ ಹರಿಶ್ಚಂದ್ರ’ದೊಳಗ ರಾಣಿ ತಾರಾಮತಿ ಆಗಿದ್ದು ಸಾಳುಂಕೆ ಅನ್ನೋ ಗಂಡಸು! ಅಂಥಾದ್ರಾಗ ಜುಬೇದಾ ತಾಯಿ ಫಾತ್ಮಾ ಬೇಗಂ ತಾವೂ ನಟಿಸಿದ್ರು, ಮಕ್ಕಳನ್ನೂ ಕರ್ಕೊಂಡು ಬಂದ್ರು. 1926ರಲ್ಲಿ ಸ್ವಂತ ಕಂಪನಿ ಕಟ್ಟಿ ‘ಬುಲ್‌ಬುಲ್-ಎ-ಪರಿಸ್ತಾನ್’ ನಿರ್ದೇಶಿಸಿ ದೇಶದ ಮೊದಲ ನಿರ್ದೇಶಕಿ ಆದ್ರು.

ಮೂಕಿ ಚಿತ್ರಕ್ಕ ಭಾಷಾ ಅಡ್ಡಿ ಇರಲಿಲ್ಲ. ನಮ್ಮ ಸಂತ್ಯಾಗ ಕನ್ನಡ, ಉರ್ದು, ತೆಲುಗು ಮೂರೂ ಕೇಳತಾವಲ್ಲ, ಅಂಥವರೆಲ್ಲ ಒಂದೇ ಕಡೆ ಕುಂತು ನೋಡಬಹುದಿತ್ತು. ನಡುನಡುವೆ ಬರೋ ಅಕ್ಷರದ ಫಲಕ ಬಿಟ್ಟರ, ಉಳಿದದ್ದೆಲ್ಲ ಕಣ್ಣು, ಕೈ, ನಡಿಗಿನೇ ಹೇಳಬೇಕು. ಟ್ಯಾಗೋರರ ನಾಟಕ ಆಧರಿಸಿದ ‘ಬಲಿದಾನ’ (1927) ಸೇರಿ ಹಲವು ಚಿತ್ರಗಳಲ್ಲಿ ಜುಬೇದಾ ಹಂಗ ನಟಿಸಿದ್ರು.

ಆಮ್ಯಾಲ ಬಂತು 1931ರ ಮಾರ್ಚ್ 14. ಬಾಂಬೆಯ ಮೆಜೆಸ್ಟಿಕ್ ಟಾಕೀಸಿನಾಗ ‘ಆಲಂ ಆರಾ’ ಮಾತಾಡ್ತು. ಸ್ಟುಡಿಯೋ ಪಕ್ಕ ರೈಲು ಹಳಿ ಇತ್ತು, ಅದಕ್ಕ ರಾತ್ರಿ ಗಾಡಿ ನಿಂತ ಮ್ಯಾಲ ಶೂಟಿಂಗ್. ಉರ್ದು ಸಲೀಸಾಗಿ ಬರದ ಎಷ್ಟೋ ತಾರೆಯರಿಗೆ ಟಾಕಿ ಕಷ್ಟ ತಂತು. ದೊಡ್ಡ ತಾರೆ ಸುಲೋಚನಾ ಅಂಥವರೂ ಬಿಡುವು ತಗೊಂಡು ಹಿಂದೂಸ್ತಾನಿ ಕಲಿಬೇಕಾಯ್ತು. ಜುಬೇದಾಗೆ ಆ ತೊಂದ್ರಿ ಇರಲಿಲ್ಲ, ಟಾಕಿಯಲ್ಲೂ ಮುಂದುವರಿದ್ರು. 1988ರಲ್ಲಿ ತೀರಿಕೊಂಡ್ರು.

ಆದ್ರ ಇವತ್ತು ಆ ಮೊದಲ ಮಾತು ಕೇಳೋಣ ಅಂದ್ರ ಸಿಗಂಗಿಲ್ಲ. ‘ಆಲಂ ಆರಾ’ದ ಒಂದು ಪ್ರತಿನೂ ಉಳಿದಿಲ್ಲ, ಫೋಟೋ ಅಷ್ಟೇ. ದೇಶದಾಗ ಸುಮಾರು 1300 ಮೂಕಿ ಚಿತ್ರ ಆದ್ವು, ಉಳಿದಿದ್ದು ಬೆರಳೆಣಿಕೆಯಷ್ಟು. ಆಗಿನ ನೈಟ್ರೇಟ್ ಫಿಲಂ ಬೇಗ ಬೆಂಕಿ ಹಿಡಿತಿತ್ತು. ಎಷ್ಟೋ ರೀಲು ಬೆಳ್ಳಿ ಸಲುವಾಗಿ ಕರಗಿಸಿದ್ರು. ಕಥಿ ಮುಗೀತು, ಇನ್ನ ಇಟ್ಟು ಏನ್ ಮಾಡೋದು ಅನ್ನೋ ಲೆಕ್ಕ.

ನಾನು ಸಾಫ್ಟ್‌ವೇರ್‌ನವ. ನಮ್ಮ ಕೆಲಸದಾಗ ಮೊದಲ ಪಾಠನೇ ಬ್ಯಾಕಪ್: ಒಂದೇ ಪ್ರತಿ ಅಂದ್ರ ಇಲ್ಲದಂಗೇ. ನಮ್ಮ ಭಾಗದ ಅಜ್ಜಿಯರ ಬೀಸುಕಲ್ಲ ಪದ, ಸೋಬಾನ ಪದ ಈಗ ಆ ಒಂದೇ ಪ್ರತಿಯ ಸ್ಥಿತಿಯಾಗ ಅದಾವ, ಅವರ ಬಾಯಾಗಷ್ಟೇ. ಈ ಸಲ ಊರಿಗೆ ಹೋದಾಗ ಅಜ್ಜಿ ಪಕ್ಕ ಕುಂತು ಮೊಬೈಲ್ ರೆಕಾರ್ಡಿಂಗ್ ಚಾಲೂ ಮಾಡ್ರಿ. ಯಾರು ಹಾಡಿದ್ರು, ಯಾವೂರು, ಯಾವ ದಿನ, ಬರೆದಿಡ್ರಿ. ಫೋನಿನಾಗೊಂದು, ಬ್ಯಾರೆ ಕಡೆ ಇನ್ನೊಂದು ಪ್ರತಿ ಇರಲಿ.